ಕೈಗೆ ಬಂದ ದುಡ್ಡಿನ ಬಡ್ಡಿ

ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಬೀದಿಯ ಹೆಂಗಸರಿಗೆ ಬೆಳಗಿನ ಎಂಟು ಗಂಟೆ ಎಂದರೆ ಸಂಡಿಗೆ ಇಡುವ ಹೊತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ ಇದೆ. ಕರಿಬೇವಿನ ಸೊಪ್ಪು, ಪೇಪರು, ಮೊಸರಿಗೆ ಹೆಪ್ಪು, ಊರಿನ ಸುದ್ದಿ ಎಲ್ಲವೂ ಈ ಕಡೆಯಿಂದ ಆ ಕಡೆಗೆ ದಾಟುವುದು ಆ ಗೋಡೆಯ ಮೇಲಿಂದಲೇ. ಮೊನ್ನೆ ಭಾನುವಾರ ಅದೇ ಗೋಡೆಯ ಮೇಲೆ ಒಂದು ಲ್ಯಾಪ್‌ಟಾಪ್ ಬಂದು ಕೂತಿತು. ಪಕ್ಕದಲ್ಲಿ ಅರಳು ಸಂಡಿಗೆಯ ತಟ್ಟೆ, ಅದರಾಚೆ ಪಕ್ಕದ ಮನೆಯ ಹುಡುಗ.

"ಆಂಟಿ, ಎಂಟೂವರೆಗೆ ಹೌಸಿಂಗ್ ಲೋನ್ ಸಿಗ್ತಿದೆ. ಇನ್ನೊಂದು ಬ್ಯಾಂಕಿನವರು ಎಂಟೂ ಮುಕ್ಕಾಲು ಅಂತಾರೆ. ಎಂಟೂವರೆಯದ್ದೇ ಮಾಡಿಸಿಬಿಡ್ಲಾ?"

ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿದವಳು. ಬಡ್ಡಿಯ ಲೆಕ್ಕ ಎಂದರೆ ಈಗಲೂ ಕೈಯಲ್ಲಿರುವ ಕೆಲಸ ಬಿಟ್ಟು ನಿಲ್ಲುತ್ತೇನೆ. "ಎಂಟೂವರೆ ಯಾವುದರ ಮೇಲೆ ಮಗಾ?" ಅಂದೆ.

"ಸಾಲದ ಮೇಲೆ ಆಂಟಿ, ಮೂವತ್ತು ಲಕ್ಷ."

"ಕೈಗೆ ಎಷ್ಟು ಬರುತ್ತೆ?"

ಅವನು ಜೇಬಿನಿಂದ ಒಂದು ಚೀಟಿ ತೆಗೆದ. ಸಾಲ ಮಾಡಿಸಿಕೊಡುವ ಏಜೆಂಟ್ ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟದ್ದು. ಪ್ರೊಸೆಸಿಂಗ್ ಫೀ ಅರ್ಧ ಪರ್ಸೆಂಟ್ ಎಂದರೆ 15,000, ಅದಕ್ಕೆ ಜಿಎಸ್‌ಟಿ 2,700. ವಕೀಲರು ಪತ್ರ ನೋಡುವುದಕ್ಕೆ ಮತ್ತು ಇಂಜಿನಿಯರ್ ಬಂದು ಮನೆಯ ಬೆಲೆ ಕಟ್ಟುವುದಕ್ಕೆ ಸೇರಿ 6,300. ಸಾಲಕ್ಕೆ ಒಂದೇ ಕಂತಿನ ವಿಮೆ 76,000. ಕೂಡಿದರೆ ಸರಿಯಾಗಿ ಒಂದು ಲಕ್ಷ. ಇಪ್ಪತ್ತು ವರ್ಷದ ಸಾಲ, ತಿಂಗಳಿಗೆ ಇಎಂಐ 26,035. ಎಂಟೂ ಮುಕ್ಕಾಲಿನ ಬ್ಯಾಂಕಿನವರದು ಎಲ್ಲ ಸೇರಿ 10,000 ರೂಪಾಯಿ ಖರ್ಚು, ವಿಮೆಯ ಮಾತೇ ಇಲ್ಲ, ಇಎಂಐ 26,511.

"ಇದೆಲ್ಲ ಇದ್ದದ್ದೇ ಅಲ್ವಾ ಆಂಟಿ, ಚಿಲ್ಲರೆ ಖರ್ಚು. ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಕಡಿಮೆ ಆಗುತ್ತಲ್ಲ" ಅಂದ.

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಲಕ್ಷ ರೂಪಾಯಿ ಚಿಲ್ಲರೆ ಖರ್ಚು ಆಗುವುದು ಅದರ ಪಕ್ಕದಲ್ಲಿ ಮೂವತ್ತು ಲಕ್ಷ ನಿಂತಿರುವುದರಿಂದ. ತರಕಾರಿಯವನ ಹತ್ತಿರ ಐದು ರೂಪಾಯಿಗೆ ಚೌಕಾಶಿ ಮಾಡುವ ಮನುಷ್ಯ ಬ್ಯಾಂಕಿನ ಮೇಜಿನ ಮುಂದೆ ಎಪ್ಪತ್ತಾರು ಸಾವಿರಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಮನೆ ಕೈತಪ್ಪಿ ಹೋದೀತು ಎನ್ನುವ ಆತಂಕದಲ್ಲಿ ಹೆಚ್ಚು ಕೇಳುವುದಕ್ಕೆ ಬಾಯಿ ಬರುವುದಿಲ್ಲ.

ಅಷ್ಟರಲ್ಲಿ ಅವನ ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಬೀದಿಯ ಇಪ್ಪತ್ತು ಜನ ಹೆಂಗಸರ ಚೀಟಿಯನ್ನು ವರ್ಷಗಳಿಂದ ಒಂದು ಪೈಸೆ ಏರುಪೇರಾಗದಂತೆ ನಡೆಸಿಕೊಂಡು ಬಂದವರು. ಮಗನಿಗೆ ಹೇಳುವುದಕ್ಕಿಂತ ಅವರಿಗೆ ಹೇಳುವುದು ಸುಲಭ ಅನ್ನಿಸಿತು.

"ಅಕ್ಕಾ, ಒಂದು ಲಕ್ಷದ ಚೀಟಿ. ತಿಂಗಳಿಗೆ ಐದು ಸಾವಿರ, ಇಪ್ಪತ್ತು ತಿಂಗಳು. ಮೂರನೇ ತಿಂಗಳು ಯಾರೋ ಅವಸರಕ್ಕೆ ಇಪ್ಪತ್ತೈದು ಸಾವಿರಕ್ಕೆ ಕೂಗಿ ಎತ್ತಿಕೊಂಡರು ಅಂದುಕೊಳ್ಳಿ. ಅವರಿಗೆ ಸಿಕ್ಕ ಸಾಲ ಎಷ್ಟು?"

"ಎಪ್ಪತ್ತೈದು ಸಾವಿರ. ಕೈಗೆ ಬಂದದ್ದು ತಾನೇ ಸಾಲ? ಚೀಟಿ ಲಕ್ಷದ್ದು ಅಂತ ಲಕ್ಷ ಸಿಕ್ಕಿತು ಅನ್ನೋಕಾಗುತ್ತಾ?"

ಅಷ್ಟೇ. ಇಡೀ ವಿಷಯ ಇರುವುದು ಆ ಒಂದು ಮಾತಿನಲ್ಲಿ. ಬ್ಯಾಂಕಿನವರು ಹೇಳುವ ಬಡ್ಡಿ ಕಾಗದದ ಮೇಲೆ ಬರೆದ ಸಾಲಕ್ಕೆ. ನಾವು ತಿಳಿಯಬೇಕಾದದ್ದು ಕೈಗೆ ಬಂದ ದುಡ್ಡಿಗೆ ಎಷ್ಟು ಬಡ್ಡಿ ಬೀಳುತ್ತದೆ ಎನ್ನುವುದು. ಅದಕ್ಕೆ ವಾರ್ಷಿಕ ಶೇಕಡಾ ದರ ಎಂದು ಹೆಸರು, ಬ್ಯಾಂಕಿನ ಕಾಗದದಲ್ಲಿ ಎಪಿಆರ್ ಎಂದು ಇರುತ್ತದೆ. ಹುಡುಗನಿಗೆ ಸಣ್ಣ ಅಂಕಿಯಲ್ಲಿ ಹೇಳಿದೆ: ಸಾವಿರ ರೂಪಾಯಿ ಸಾಲ, ವರ್ಷಕ್ಕೆ ನೂರಕ್ಕೆ ಹನ್ನೆರಡು, ಐವತ್ತು ರೂಪಾಯಿ ಫೀ ಮುರಿದುಕೊಂಡು ಕೊಟ್ಟರು. ಕೈಗೆ ಬಂದದ್ದು 950. ವರ್ಷದ ಕೊನೆಗೆ 1,120 ಕೊಡಬೇಕು. 950ಕ್ಕೆ 170 ಹೆಚ್ಚು ಕೊಟ್ಟಂತಾಯಿತು, ಎಂದರೆ ನೂರಕ್ಕೆ 17.89. ಹನ್ನೆರಡು ಎಲ್ಲಿ, ಹದಿನೇಳೂ ಮುಕ್ಕಾಲಿಗೂ ಮೇಲೆ ಎಲ್ಲಿ!

ಮಾರುಕಟ್ಟೆಯಲ್ಲಿ ಹೂವು ಮಾರುವ ಹೆಂಗಸರು ದಿನದ ಲೆಕ್ಕದಲ್ಲಿ ತೆಗೆದುಕೊಳ್ಳುವ ಸಾಲವೂ ಇದೇ ಜಾತಿಯದು. ಹತ್ತು ಸಾವಿರ ಎಂದು ಬರೆದುಕೊಂಡು ಎಂಟೂವರೆ ಸಾವಿರ ಕೈಗೆ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ ಮಾಡುತ್ತಾರೆ. ಕೇಳಿದರೆ ಹದಿನೈದು ಪರ್ಸೆಂಟ್ ಎನ್ನುತ್ತಾರೆ. ವರ್ಷದ ದರಕ್ಕೆ ತಿರುಗಿಸಿದರೆ ಅದು ಶೇಕಡಾ 120ರ ಆಸುಪಾಸು ಬರುತ್ತದೆ. ಬ್ಯಾಂಕಿನ ಸಾಲ ಅಷ್ಟು ಕ್ರೂರವಲ್ಲ, ನಿಜ. ಆದರೆ ಮುರಿದುಕೊಂಡು ಕೊಡುವ ಲೆಕ್ಕ ಎರಡು ಕಡೆಯೂ ಒಂದೇ.

"ಒಂದೇ ವರ್ಷದ ಸಾಲ ಆದರೆ ಬಾಯಲ್ಲೇ ಹೇಳಬಹುದು. ಇನ್ನೂರ ನಲವತ್ತು ಕಂತಿಗೆ ಹೇಗೆ ಆಂಟಿ?" ಎಂದು ಹುಡುಗ ಕೇಳಿದ. ಸರಿಯಾದ ಪ್ರಶ್ನೆ.

ಇದಕ್ಕೆ ನೇರವಾದ ಸೂತ್ರವಿಲ್ಲ. ಒಂದು ದರವನ್ನು ಊಹಿಸಿಕೊಳ್ಳಬೇಕು. ಮುಂದೆ ಕಟ್ಟುವ ಒಂದೊಂದು ಕಂತಿಗೂ ಆ ದರದಲ್ಲಿ ಇವತ್ತಿನ ಬೆಲೆ ಕಟ್ಟಿ ಕೂಡಬೇಕು. ಮೊತ್ತ ಕೈಗೆ ಬಂದ ಹಣಕ್ಕಿಂತ ಹೆಚ್ಚಾದರೆ ದರವನ್ನು ಏರಿಸಬೇಕು, ಕಡಿಮೆಯಾದರೆ ಇಳಿಸಬೇಕು. ಎರಡೂ ಸಮ ಆಗುವವರೆಗೆ ಬಿಡಬಾರದು. ಎಂಬತ್ತರ ದಶಕದಲ್ಲಿ ನಾವು ಲಾಗ್ ಟೇಬಲ್ ಇಟ್ಟುಕೊಂಡು ಕರಿಹಲಗೆಯ ತುಂಬ ಇದನ್ನು ಮಾಡಿಸುತ್ತಿದ್ದೆವು. ಐದು ವರ್ಷದ, ವರ್ಷಕ್ಕೊಂದು ಕಂತಿನ ಲೆಕ್ಕಕ್ಕೇ ಒಂದು ಪೀರಿಯಡ್ ಹೋಗುತ್ತಿತ್ತು. 1979ರಲ್ಲಿ ಅಮೆರಿಕದಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯನ್ನು ಕಂಪ್ಯೂಟರಿಗೆ ತಂದರು. ಒಂದು ಮನೆಯ ಅಂಕಿ ಬದಲಾಯಿಸಿದರೆ ಮಿಕ್ಕ ಮನೆಗಳೆಲ್ಲ ತಾವೇ ಬದಲಾಗುವುದು ಎಂಥ ಉಪಕಾರ ಎನ್ನುವುದು ಅಳಿಸಿ ಅಳಿಸಿ ಬರೆದ ಕೈಗೆ ಮಾತ್ರ ಗೊತ್ತು. ಈಗ ಎಕ್ಸೆಲ್ ಇರಲಿ, ದುಡ್ಡು ಕೊಡದೆ ಸಿಗುವ ಗೂಗಲ್ ಶೀಟ್ಸ್ ಇರಲಿ, ಲಿಬ್ರೆ ಆಫೀಸ್ ಇರಲಿ, ಆ ಊಹೆಯ ಆಟವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆಡಿ ಮುಗಿಸುತ್ತವೆ.

ಹಾಳೆ ತೆರೆಯಲು ಹೇಳಿದೆ. ಎ ಕಾಲಂನಲ್ಲಿ ತಿಂಗಳ ಸಂಖ್ಯೆ, ಎರಡನೇ ಸಾಲಿನಲ್ಲಿ ಸೊನ್ನೆಯಿಂದ ಶುರು. ಸೊನ್ನೆ ಎಂದರೆ ಸಾಲ ಕೈಗೆ ಬಂದ ದಿನ. ಬಿ ಕಾಲಂನಲ್ಲಿ ಹಣ. ಬಿ2ರಲ್ಲಿ 29,00,000 ಬರೆಸಿದೆ. ಅವನು ಮೊದಲು ಮೂವತ್ತು ಲಕ್ಷ ಹೊಡೆದಿದ್ದ, ಅಲ್ಲೇ ತಪ್ಪುವುದು. ಒಂದು ಲಕ್ಷ ಅವನ ಕೈಗೆ ಬರುವುದೇ ಇಲ್ಲವಲ್ಲ. ಬಿ3ರಲ್ಲಿ 26,035, ಮುಂದೆ ಮೈನಸ್ ಚಿಹ್ನೆ. ಅದರ ಮೂಲೆಯ ಚುಕ್ಕಿ ಹಿಡಿದು ಬಿ242ರವರೆಗೆ ಕೆಳಗೆ ಎಳೆಯಬೇಕು. ಎ ಕಾಲಂನಲ್ಲಿ 240 ಬಂದ ಸಾಲಿಗೆ ನಿಲ್ಲಿಸಿದರೆ ಸರಿ, ಒಂದು ಸಾಲು ಹೆಚ್ಚಾದರೂ ಉತ್ತರ ಕೆಡುತ್ತದೆ. ಅಮ್ಮ ಆ ಕಡೆಯಿಂದ ಬಗ್ಗಿ ನೋಡುತ್ತಾ, "ಇಷ್ಟುದ್ದ ಕಟ್ಟಬೇಕಾ!" ಅಂದರು. ಇನ್ನೂರ ನಲವತ್ತು ಸಾಲು ಪರದೆಯ ಮೇಲೆ ಓಡಿದ್ದನ್ನು ನೋಡಿದಾಗ ಇಪ್ಪತ್ತು ವರ್ಷ ಎಂದರೆ ಎಷ್ಟು ಎನ್ನುವುದು ಕಣ್ಣಿಗೆ ಕಾಣುತ್ತದೆ.

ಆಮೇಲೆ ಬೇರೆ ಒಂದು ಮನೆಯಲ್ಲಿ ಐಆರ್‌ಆರ್ ಎನ್ನುವ ಸೂತ್ರ. ಸಮ ಚಿಹ್ನೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ಐಆರ್‌ಆರ್ ಎಂದು ಬರೆದು, ಆವರಣದೊಳಗೆ ಬಿ2ರಿಂದ ಬಿ242ರವರೆಗೆ ಎಂದು ತೋರಿಸಿ, ಹೊರಗೆ 12ರಿಂದ ಗುಣಿಸಬೇಕು. ಐಆರ್‌ಆರ್ ಕೊಡುವುದು ತಿಂಗಳ ದರ, ವರ್ಷದ್ದು ಬೇಕಾದರೆ ಹನ್ನೆರಡರ ಗುಣಾಕಾರ.

ಹುಡುಗ ಎಂಟರ್ ಒತ್ತಿದ. "ಒಂಬತ್ತು ಪರ್ಸೆಂಟ್ ಅಂತ ಬಂತು ಆಂಟಿ."

"ದಶಾಂಶ ತೋರಿಸು."

ಇದೊಂದು ಕಡೆ ಎಷ್ಟೋ ಜನ ಎಡವುತ್ತಾರೆ. ಹಾಳೆ ತನ್ನಷ್ಟಕ್ಕೆ ದಶಾಂಶವನ್ನು ನುಂಗಿ ತೋರಿಸುತ್ತದೆ. ಹನ್ನೆರಡರಿಂದ ಗುಣಿಸದೆ ನೋಡಿದರೆ ಬರೀ 1% ಎಂದು ಕಾಣುತ್ತದೆ, ಒಳಗೆ ಇರುವುದು 0.747. ಎರಡು ದಶಾಂಶ ಬಿಚ್ಚಿಸಿದಾಗ ಕಂಡದ್ದು 8.97. ಇನ್ನೊಂದು ಎಡವುವ ಕಲ್ಲು ಮೈನಸ್ ಚಿಹ್ನೆ. ಬಂದ ಹಣವೂ ಕೊಡುವ ಹಣವೂ ಒಂದೇ ಚಿಹ್ನೆಯಲ್ಲಿದ್ದರೆ ಉತ್ತರದ ಬದಲು ದೋಷದ ಸೂಚನೆ ಬರುತ್ತದೆ. ಬರುವುದು ಒಂದು ದಿಕ್ಕು, ಹೋಗುವುದು ಇನ್ನೊಂದು ದಿಕ್ಕು ಎಂದು ಹಾಳೆಗೆ ಹೇಳಲೇಬೇಕು. ಕಂತುಗಳೆಲ್ಲ ಒಂದೇ ಮೊತ್ತದವಾದರೆ ಉದ್ದದ ಕಾಲಂ ಇಲ್ಲದೆಯೂ ಆಗುತ್ತದೆ: ರೇಟ್ ಎಂಬ ಸೂತ್ರಕ್ಕೆ 240, ಮೈನಸ್ 26,035, 29,00,000 ಎಂದು ಮೂರು ಅಂಕಿ ಕೊಟ್ಟು ಹನ್ನೆರಡರಿಂದ ಗುಣಿಸಿದರೆ ಅದೇ 8.97 ಬರುತ್ತದೆ. ಆದರೂ ಮೊದಲ ಸಲ ಮಾಡುವವರು ಕಾಲಂ ಹಾಕಿಯೇ ಮಾಡಲಿ ಎನ್ನುವುದು ನನ್ನ ಹಟ. ಸೂತ್ರ ಉತ್ತರ ಕೊಡುತ್ತದೆ, ಕಾಲಂ ಸಾಲವನ್ನು ತೋರಿಸುತ್ತದೆ.

ಎರಡನೇ ಬ್ಯಾಂಕಿನದು ಪಕ್ಕದ ಕಾಲಂನಲ್ಲಿ. ಮೇಲೆ 29,90,000, ಕೆಳಗೆ ಮೈನಸ್ 26,511. ಬಂದದ್ದು 8.80.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಎಂಟೂವರೆಯ ಸಾಲ ಹೆಚ್ಚುಕಡಿಮೆ ಒಂಬತ್ತರದ್ದು, ಎಂಟೂ ಮುಕ್ಕಾಲಿನದು ಎಂಟೂ ಮುಕ್ಕಾಲಿನ ಹತ್ತಿರವೇ ನಿಂತಿತು. ಆಮೇಲೆ ಅವನು ಕೇಳಿದ ಪ್ರಶ್ನೆಗೆ ನನ್ನ ಮನಸ್ಸು ತುಂಬಿತು. "ಆದರೆ ಆಂಟಿ, ಒಟ್ಟು ಕೂಡಿ ನೋಡಿದರೆ ಮೊದಲನೇದೇ ಕಡಿಮೆ ಆಗುತ್ತಲ್ಲ?"

ಅವನು ಹೇಳಿದ್ದು ಸುಳ್ಳಲ್ಲ. 26,035ನ್ನು 240ರಿಂದ ಗುಣಿಸಿ ಒಂದು ಲಕ್ಷ ಕೂಡಿದರೆ 63,48,400. ಇನ್ನೊಂದರದು ಅದೇ ರೀತಿ 63,72,640. ಇಪ್ಪತ್ತು ವರ್ಷದ ಮೊತ್ತದಲ್ಲಿ ಮೊದಲನೆಯದು 24,240 ಕಡಿಮೆ. ಆದರೆ ಇವತ್ತಿನ ರೂಪಾಯಿಯನ್ನೂ ಇಪ್ಪತ್ತು ವರ್ಷದ ಮೇಲಿನ ರೂಪಾಯಿಯನ್ನೂ ಒಂದೇ ರಾಶಿಗೆ ಸುರಿದು ಎಣಿಸಬಾರದು. ಮೊದಲ ಬ್ಯಾಂಕಿಗೆ ಹೋದರೆ ಇವತ್ತು 90,000 ಹೆಚ್ಚು ಕೊಡಬೇಕು, ಅದಕ್ಕೆ ಪ್ರತಿಯಾಗಿ ತಿಂಗಳಿಗೆ 476 ರೂಪಾಯಿ ಉಳಿಯುತ್ತದೆ. ಅದನ್ನೂ ಹಾಳೆಗೆ ಹಾಕಿದೆವು: ಮೈನಸ್ 90,000, ಆಮೇಲೆ 240 ಸಲ 476. ಸಿಕ್ಕ ದರ ವರ್ಷಕ್ಕೆ ಎರಡೂವರೆ ಪರ್ಸೆಂಟ್ ಕೂಡ ತುಂಬಲಿಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿ ಇಟ್ಟರೆ ನಾಲ್ಕು ಬರುತ್ತದೆ. "ಎರಡೂವರೆಗೆ ಯಾರಾದರೂ ತೊಂಬತ್ತು ಸಾವಿರ ಇಪ್ಪತ್ತು ವರ್ಷ ಕೈಬಿಡ್ತಾರಾ?" ಎಂದು ಅಮ್ಮನೇ ಕೇಳಿದರು. ಒಟ್ಟು ಮೊತ್ತ ಮುಚ್ಚಿಡುವುದನ್ನು ಈ ದರ ಬಿಚ್ಚಿ ತೋರಿಸುತ್ತದೆ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

ಇಪ್ಪತ್ತು ವರ್ಷ ಪೂರ್ತಿ ಸಾಲ ಇಟ್ಟುಕೊಳ್ಳುವವರು ನಮ್ಮ ಕಡೆ ಕಡಿಮೆ. ಬೋನಸ್ ಬಂತು, ಊರಿನ ಜಮೀನಿನ ಪಾಲು ಬಂತು ಎಂದು ಬೇಗ ತೀರಿಸಿಬಿಡುತ್ತಾರೆ. ಐದು ವರ್ಷಕ್ಕೆ ತೀರಿಸಿದರೆ ಏನಾಗುತ್ತದೆ? ಅರವತ್ತು ಕಂತು ಕಟ್ಟಿದ ಮೇಲೆ ಮೊದಲ ಬ್ಯಾಂಕಿನ ಬಾಕಿ ಸುಮಾರು 26,43,800 ಇರುತ್ತದೆ. ಅರವತ್ತನೇ ಸಾಲಿನಲ್ಲಿ ಕಂತಿನ ಜೊತೆ ಅದನ್ನೂ ಸೇರಿಸಿ ಐಆರ್‌ಆರ್ ಹಾಕಿದರೆ 9.38 ಬರುತ್ತದೆ. ಮೊದಲ ದಿನ ಕೊಟ್ಟ ಲಕ್ಷ ಇಪ್ಪತ್ತು ವರ್ಷಕ್ಕೆ ಹಂಚಿಹೋಗುವ ಬದಲು ಐದೇ ವರ್ಷದ ತಲೆಯ ಮೇಲೆ ಕೂರುತ್ತದೆ. ವ್ಯಕ್ತಿಗಳು ತೆಗೆದುಕೊಳ್ಳುವ ಬದಲಾಗುವ ಬಡ್ಡಿಯ ಮನೆಸಾಲವನ್ನು ಬೇಗ ತೀರಿಸಿದರೆ ದಂಡ ಹಾಕಬಾರದು ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಿಂದಿನಿಂದ ದಂಡವಿಲ್ಲ. ಆದರೆ ಮುಂದಿನಿಂದ ಕೊಟ್ಟ ಫೀ ಮತ್ತೆ ಕೈಗೆ ಬರುವುದಿಲ್ಲ.

ನನ್ನದೇ ಮನೆಯ ಮಾತು ಒಂದು ಹೇಳಬೇಕು. 1999ರಲ್ಲಿ ನಾವು ಈ ಮನೆ ಕಟ್ಟಿದಾಗ ನಾಲ್ಕು ಲಕ್ಷ ಸಾಲ ಮಾಡಿದ್ದೆವು. ಹದಿಮೂರು ಪರ್ಸೆಂಟ್, ಹದಿನೈದು ವರ್ಷ, ಕಂತು 5,158. ನಾನಾ ಲೆಕ್ಕ ಹೇಳಿ ಹದಿನಾರು ಸಾವಿರ ಮುರಿದುಕೊಂಡು 3,84,000 ಕೊಟ್ಟರು. ಕೊಟ್ಟವರು ಯಾರು ಎನ್ನುವುದು ಈಗ ಮುಖ್ಯವಲ್ಲ. ಆಗಿನ ಕಾಲಕ್ಕೆ ಇನ್ನೊಂದು ಪದ್ಧತಿಯೂ ಇತ್ತು. ಬಡ್ಡಿಯನ್ನು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಿದ್ದರು. ನಾವು ಏಪ್ರಿಲ್‌ನಲ್ಲಿ ಕಟ್ಟಿದ ಅಸಲು ಮುಂದಿನ ಮಾರ್ಚ್ ಮುಗಿಯುವವರೆಗೆ ಬಾಕಿಯಲ್ಲಿ ಇಳಿಯುತ್ತಲೇ ಇರಲಿಲ್ಲ. ತಿಂಗಳು ತಿಂಗಳು ಕಟ್ಟಿದರೂ ವರ್ಷಕ್ಕೊಮ್ಮೆ ಕಟ್ಟಿದಂತೆ. ಆ ಮಾತನ್ನು ನಮ್ಮ ಯಜಮಾನರಿಗೂ ನನಗೂ ಯಾರೂ ಬಿಡಿಸಿ ಹೇಳಲಿಲ್ಲ, ಒಪ್ಪಂದದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿತ್ತು. ಸಾಲ ತೀರಿದ ಮೇಲೆ ಒಂದು ದಿನ ಹಳೆಯ ಪಾಸ್‌ಬುಕ್ ಇಟ್ಟುಕೊಂಡು ಹಾಳೆ ಮಾಡಿದೆ. ವರ್ಷದ ಲೆಕ್ಕದ ಪದ್ಧತಿ ಒಂದರಿಂದಲೇ ಹದಿಮೂರು 13.37 ಆಗಿತ್ತು. ಮುರಿದುಕೊಂಡ ಹದಿನಾರು ಸಾವಿರವೂ ಸೇರಿ 14.17. ನಾವು ಹದಿನೈದು ವರ್ಷ ಹದಿಮೂರು ಎಂದುಕೊಂಡೇ ಕಟ್ಟಿದ್ದೆವು. ಯಜಮಾನರು ಹಾಳೆಯನ್ನು ನೋಡಿ ಏನೂ ಹೇಳಲಿಲ್ಲ, ಪಾಸ್‌ಬುಕ್ಕನ್ನು ಮಡಿಸಿ ಬೀರುವಿನಲ್ಲಿ ಇಟ್ಟರು. ಆ ಸಂಕಟ ನನಗೆ ಇನ್ನೂ ಇದೆ. ದುಡ್ಡು ಹೋಯಿತು ಎಂದಲ್ಲ, ಗೊತ್ತಿಲ್ಲದೆ ಹೋಯಿತು ಎಂದು.

ಈಗ ಕಾಲ ಸುಧಾರಿಸಿದೆ ಎಂದು ಸಂತೋಷದಿಂದಲೇ ಹೇಳುತ್ತೇನೆ. 2024ರ ಏಪ್ರಿಲ್ 15ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ಹೇಳಿಕೆ ಎಂಬ ಒಂದು ಪತ್ರ ಕೊಡಲೇಬೇಕು. ಬ್ಯಾಂಕಿನವರ ಬಾಯಲ್ಲಿ ಅದು ಕೆಎಫ್‌ಎಸ್. ಅದರಲ್ಲಿ ಎಪಿಆರ್ ಇರಬೇಕು, ಅದನ್ನು ಲೆಕ್ಕ ಹಾಕಿದ ಬಗೆ ಇರಬೇಕು, ಕಂತು ಕಂತಿಗೂ ಅಸಲೆಷ್ಟು ಬಡ್ಡಿಯೆಷ್ಟು ಎನ್ನುವ ಪಟ್ಟಿಯೂ ಇರಬೇಕು. ಬೇರೆಯವರ ಪರವಾಗಿ ಬ್ಯಾಂಕು ವಸೂಲು ಮಾಡುವ ವಿಮೆಯ ಹಣ, ವಕೀಲರ ಫೀ ಕೂಡ ಎಪಿಆರ್‌ನಲ್ಲಿ ಸೇರಬೇಕು. ಆ ಪತ್ರದಲ್ಲಿ ಕಾಣಿಸದ ಯಾವ ಶುಲ್ಕವನ್ನೂ ಸಾಲದ ಅವಧಿಯಲ್ಲಿ ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಅಮೆರಿಕದಲ್ಲಿ ಇಂಥ ಕಾನೂನು 1968ರಲ್ಲೇ ಬಂದಿದೆ. ಅಲ್ಲಿ ಮನೆ ಕೊಂಡ ನಮ್ಮ ಹುಡುಗರನ್ನು ಕೇಳಿ, ಬಡ್ಡಿಯ ದರದ ಜೊತೆಗೆ ಎಪಿಆರ್ ಬೇರೆಯಾಗಿ ಅಚ್ಚಾಗಿರುವುದು ಅವರಿಗೆ ಗೊತ್ತು.

ಆ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕೇ ಒಂದು ಮಾದರಿ ಲೆಕ್ಕ ಕೊಟ್ಟಿದೆ. 20,000 ಸಾಲ, 24 ಕಂತು, 15 ಪರ್ಸೆಂಟ್ ಬಡ್ಡಿ, 400 ರೂಪಾಯಿ ಶುಲ್ಕ, ಕೈಗೆ 19,600, ಕಂತು 970. ಅವರ ಉತ್ತರ 17.07. ಹುಡುಗನ ಹಾಳೆಯಲ್ಲಿ ಅದನ್ನೂ ಮಾಡಿಸಿದೆ. ಕಂತನ್ನು 970 ಎಂದು ಇಡದೆ ಪಿಎಂಟಿ ಎಂಬ ಸೂತ್ರದಿಂದ ಪೈಸೆಯವರೆಗೆ 969.73 ಎಂದು ತೆಗೆದು ಹಾಕಿದಾಗ 17.07 ಎಂದೇ ಬಂತು. ನಮ್ಮ ದಾರಿ ಸರಿ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೊದಲ ಸಲ ಹಾಳೆ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ, ಆಮೇಲೆ ಸ್ವಂತದ್ದಕ್ಕೆ ಕೈ ಹಾಕಿ.

ಹುಡುಗನ ಗೆಳೆಯನೊಬ್ಬ ಕಂಪ್ಯೂಟರ್ ಬಲ್ಲವನು, ಎಕ್ಸ್‌ಐಆರ್‌ಆರ್ ಹಾಕು ಎಂದು ಫೋನಿನಲ್ಲೇ ಹೇಳಿದ. ಅದು ತಾರೀಖು ನೋಡಿ ಲೆಕ್ಕ ಹಾಕುವ ಸೂತ್ರ. ಹಾಕಿದರೆ 8.97 ಇದ್ದದ್ದು 9.35ರ ಹತ್ತಿರ ಬಂತು. ಯಾವುದು ಸರಿ ಎಂದು ಗಲಿಬಿಲಿ. ಎರಡೂ ಸರಿ, ಅಳತೆ ಬೇರೆ. ತಿಂಗಳ ದರವನ್ನು ಸುಮ್ಮನೆ ಹನ್ನೆರಡರಿಂದ ಗುಣಿಸಿದರೆ 8.97, ತಿಂಗಳು ತಿಂಗಳೂ ಬಡ್ಡಿಗೆ ಬಡ್ಡಿ ಸೇರಿಸಿ ವರ್ಷಕ್ಕೆ ಕಟ್ಟಿದರೆ 9.35. ಯುರೋಪಿನವರು ಎರಡನೆಯ ರೀತಿಯಲ್ಲಿ ಹೇಳುತ್ತಾರೆ. ನಮ್ಮ ರಿಸರ್ವ್ ಬ್ಯಾಂಕಿನ ಮಾದರಿ ಮೊದಲನೆಯದು. ಒಂದು ಬ್ಯಾಂಕಿನದನ್ನು ಸೇರಿನಲ್ಲಿ, ಇನ್ನೊಂದರದನ್ನು ಪಾವಿನಲ್ಲಿ ಅಳೆದು ಹೋಲಿಸದಿದ್ದರೆ ಸರಿ. ಮನೆ ಕಟ್ಟಿಸುವವರಿಗೆ ಮಾತ್ರ ಎಕ್ಸ್‌ಐಆರ್‌ಆರ್ ನಿಜವಾಗಿ ಬೇಕಾಗುತ್ತದೆ. ಅವರಿಗೆ ಸಾಲ ಒಂದೇ ಸಲ ಬರುವುದಿಲ್ಲ; ತಳಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡ್ ಹಾಕಿದ ಮೇಲೆ ಇಷ್ಟು ಎಂದು ಬರುತ್ತದೆ. ಫೀ ಮಾತ್ರ ಪೂರ್ತಿ ಸಾಲಕ್ಕೆ ಮೊದಲೇ ಹೋಗಿರುತ್ತದೆ. ಅಂಥ ಕಡೆ ಬಂದ ದಿನ, ಕೊಟ್ಟ ದಿನ ಎರಡನ್ನೂ ಬರೆದುಕೊಂಡು ಲೆಕ್ಕ ಹಾಕಬೇಕು.

ಎಪಿಆರ್ ಹೇಳದ್ದೂ ಇದೆ. ಕಂತು ತಪ್ಪಿದರೆ ಬೀಳುವ ದಂಡ ಅದರೊಳಗೆ ಇರುವುದಿಲ್ಲ. ಮನೆಪತ್ರ ಅಡವಿಡುವುದಕ್ಕೆ ನಾವೇ ಉಪನೋಂದಣಿ ಕಚೇರಿಯಲ್ಲಿ ಕಟ್ಟುವ ಸ್ಟಾಂಪಿನ ಖರ್ಚನ್ನು ನಾನು ಹಾಳೆಯಲ್ಲಿ ಬೇರೆ ಸಾಲಿನಲ್ಲಿ ಬರೆಯಿಸಿದೆ, ಅದು ಯಾವ ಬ್ಯಾಂಕಿಗೆ ಹೋದರೂ ಒಂದೇ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಬದಲಾಗುವ ಬಡ್ಡಿಯ ಹೊಸ ಮನೆಸಾಲಗಳು ರೆಪೊ ದರದಂಥ ಹೊರಗಿನ ಅಳತೆಗೋಲಿಗೆ ಕಟ್ಟಿಕೊಂಡಿವೆ. ರೆಪೊ ಏರಿದರೆ ನಮ್ಮದೂ ಏರುತ್ತದೆ. ಹಾಗಾಗಿ ಇವತ್ತಿನ ಎಪಿಆರ್ ಇವತ್ತಿನದು. ಆದರೆ ಎರಡು ಬ್ಯಾಂಕುಗಳನ್ನು ಇವತ್ತು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಲು ಇದಕ್ಕಿಂತ ನ್ಯಾಯವಾದ ತಕ್ಕಡಿ ನನಗೆ ಗೊತ್ತಿಲ್ಲ.

ಕೊನೆಗೆ ವಿಮೆಯ ವಿಷಯ ಬಂತು. "ಅದು ಕಡ್ಡಾಯ ಅಂದರು ಆಂಟಿ" ಅಂದ. ಮನೆಸಾಲಕ್ಕೆ ಜೀವವಿಮೆ ಮಾಡಿಸಲೇಬೇಕು ಎನ್ನುವ ಕಾನೂನು ಇಲ್ಲ. ಆದರೆ ಒಬ್ಬನೇ ದುಡಿಯುವ ಮನೆಯಲ್ಲಿ ಮೂವತ್ತು ಲಕ್ಷದ ಸಾಲ ಹೊತ್ತವನಿಗೆ ವಿಮೆ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಬೇಕಾದ ವಿಮೆಯನ್ನು ನಾಲ್ಕು ಕಡೆ ವಿಚಾರಿಸಿ, ವರ್ಷ ವರ್ಷ ಕಟ್ಟುವ ಟರ್ಮ್ ಪಾಲಿಸಿಯಾಗಿ ತಾನೇ ಮಾಡಿಸಿಕೊಳ್ಳಬಹುದು. ಇಪ್ಪತ್ತು ವರ್ಷದ್ದನ್ನು ಒಂದೇ ದಿನ, ಬ್ಯಾಂಕು ತೋರಿಸಿದ ಕಂಪನಿಗೇ, ಸಾಲದ ಹಣದಿಂದ ಯಾಕೆ ಕಟ್ಟಬೇಕು? ಬಿ2ರಲ್ಲಿ 29,00,000 ಅಳಿಸಿ 29,76,000 ಹಾಕಿಸಿದೆ. 8.97 ಇದ್ದದ್ದು 8.61ಕ್ಕೆ ಇಳಿಯಿತು. ಸೋತಿದ್ದ ಎಂಟೂವರೆಯ ಬ್ಯಾಂಕು ವಿಮೆ ತೆಗೆದ ಕ್ಷಣ ಗೆದ್ದಿತು! ಆ ಹುಡುಗ ಮಾಡಬೇಕಾಗಿದ್ದದ್ದು ಬ್ಯಾಂಕು ಬದಲಾಯಿಸುವುದಲ್ಲ, ಒಂದು ಸಾಲನ್ನು ಹೊಡೆದುಹಾಕಿಸುವುದು.

ಮಂಗಳವಾರ ಅವನು ಬ್ಯಾಂಕಿಗೆ ಹೋದ. ವಿಮೆ ಬೇಡ, ಬೇರೆ ಮಾಡಿಸಿಕೊಳ್ಳುತ್ತೇನೆ ಎಂದು ಬರೆದುಕೊಟ್ಟ. ಮುಖ್ಯಾಂಶಗಳ ಹೇಳಿಕೆ ಕೇಳಿದ. ಇಂಗ್ಲಿಷಿನದು ಕೊಟ್ಟರು. ಅಮ್ಮನೂ ಸಹ-ಸಾಲಗಾರರು, ಅವರಿಗೆ ಕನ್ನಡ ಬೇಕು ಎಂದ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು, ವಿವರಿಸಿ ಹೇಳಬೇಕು ಎನ್ನುವುದೂ ಅದೇ ಸುತ್ತೋಲೆಯಲ್ಲಿದೆ. ಎರಡು ದಿನ ಬಿಟ್ಟು ಕನ್ನಡದ ಪತ್ರ ಬಂತು. ಸಂಜೆ ಕಾಂಪೌಂಡಿನ ಹತ್ತಿರ ನಿಂತು ಅವನ ಅಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದರು. ವಾರ್ಷಿಕ ಶೇಕಡಾ ದರ ಎನ್ನುವ ಕಡೆ ಬೆರಳು ನಿಂತಿತು. 8.61.

ಮನೆಸಾಲಕ್ಕೆ ಓಡಾಡುತ್ತಿರುವವರಿಗೆ ನನ್ನದೊಂದು ಕೋರಿಕೆ. ಬಡ್ಡಿ ಎಷ್ಟು ಎಂದು ಕೇಳಿದ ಮೇಲೆ ಕೈಗೆ ಎಷ್ಟು ಬರುತ್ತದೆ ಎಂದೂ ಕೇಳಿ. ಮುಖ್ಯಾಂಶಗಳ ಹೇಳಿಕೆಯನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಅದು ಕೈಗೆ ಬಂದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ನಿಮಗೆ ಕೊಡಬೇಕು. ಆ ಮೂರು ದಿನದಲ್ಲಿ ಒಂದು ಸಂಜೆ ಹಾಳೆ ತೆರೆದು ಕಾಲಂ ಎಳೆಯಿರಿ. ನಿಮ್ಮ ಉತ್ತರ ಆ ಪತ್ರದ ಎಪಿಆರ್‌ಗೆ ಹೊಂದದಿದ್ದರೆ ಬ್ಯಾಂಕಿಗೆ ಹೋಗಿ ಕೇಳಿ, ಹೊಂದಿದರೆ ನೆಮ್ಮದಿಯಿಂದ ಸಹಿ ಹಾಕಿ. ಕಂಪ್ಯೂಟರ್ ಇಲ್ಲ, ಮಾಡಿಕೊಡುವವರೂ ಇಲ್ಲ ಎನ್ನುವವರು ನಮ್ಮ ಬೀದಿಯ ಕಡೆಯವರಾದರೆ ಬೆಳಗ್ಗೆ ಎಂಟರ ಮೇಲೆ ಕಾಂಪೌಂಡಿನ ಹತ್ತಿರ ಬನ್ನಿ, ಕೂತು ಮಾಡೋಣ.